ದುರಗವ್ವನನ್ನು ತಿರುಗಿಸಿದ ಗೌಡ

ನೀರಲಕೊಪ್ಪದ ಹಿರಿಯರ ಮುಂದೆ ಅಂದಾನೆಪ್ಪಗೌಡನ ಹೆಸರು ಎತ್ತಬಾರದು. ಎತ್ತಿದಿರೋ, "ಯಾರು, ದುರಗವ್ವನ್ನ ತಿರುಗಿಸಿ ಕಳಿಸಿದ ಆ ಪುಣ್ಯಾತ್ಮನೇನು?" ಎನ್ನುತ್ತಾರೆ. ಆ 'ಪುಣ್ಯಾತ್ಮ' ಎಂಬ ಮಾತಿನಲ್ಲಿ ಎಷ್ಟು ಕಹಿ ಇದೆ ಎಂಬುದು ಅವರ ಮೋರೆ ನೋಡಿದವರಿಗೇ ಗೊತ್ತು. ಮನುಷ್ಯ ಸತ್ತು ಮಣ್ಣು ಸೇರಿ ಎಷ್ಟೋ ಕಾಲವಾಯಿತು. ಅವನು ಮಾಡಿದ ಉಪಕಾರವನ್ನು ಊರು ಮರೆತು ಅದಕ್ಕಿಂತ ಹೆಚ್ಚು ಕಾಲವಾಯಿತು. ಈ ಒಂದು ವಿದ್ಯೆಯಲ್ಲಿ ನೀರಲಕೊಪ್ಪದವರನ್ನು ಮೀರಿಸುವವರು ಸುತ್ತಮುತ್ತ ಎಲ್ಲೂ ಇಲ್ಲ.

ಮುಂಡಗೋಡದಿಂದ ಮಳಗಿಗೆ ಹೋಗುವಾಗ ಕಾಡಿನ ಕಡೆಗೆ ಹೊರಳಿದರೆ ಈ ಊರು ಸಿಗುತ್ತದೆ. ಎರಡು ಓಣಿ, ಒಂದು ಕೆರೆ, ಕೆರೆಯ ಕೆಳಗೆ ಭತ್ತದ ಗದ್ದೆ. ಅಂದಾನೆಪ್ಪ ಇಲ್ಲಿಯ ಗೌಡನಾದದ್ದು ತನ್ನ ಯೋಗ್ಯತೆಯಿಂದಲ್ಲ. ಅಣ್ಣ ಹಾವು ಕಡಿದು ಸತ್ತ, ಗೌಡಕಿ ಇವನ ಕೊರಳಿಗೆ ಬಿತ್ತು. ಆಳು ಕುಳ್ಳ. ಮಾತಾಡಲು ಬಾಯಿ ತೆರೆದರೆ ಮೊದಲ ಶಬ್ದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಎಲ್ಲರಿಗೂ ಬೇಕಾದವನಾಗಿರಬೇಕು ಎಂಬುದೊಂದೇ ಅವನ ಆಸೆ. ಊಟಕ್ಕೆ ಕರೆದವರಿಗೆ ಇಲ್ಲ ಅನ್ನಲಾರದೆ ಒಂದೇ ದಿನ ಮೂರು ಮನೆಯಲ್ಲಿ ಹುಗ್ಗಿ ಉಂಡು, ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಹೊರಳಾಡಿದ್ದೂ ಉಂಟು. ಹೆಂಡತಿ ಹೊಳೆವ್ವ, "ಬ್ಯಾಡ ಅನ್ನಾಕ ನಿಮಗ ಬಾಯಿಲ್ಲೇನ್ರಿ?" ಎಂದು ಗದರುತ್ತ ಓಮಿನ ನೀರು ಕುಡಿಸುತ್ತಿದ್ದಳು. ಇಂಥವನು ಒಂದು ದಿನ ಇಡೀ ಊರಿಗೆ ಬೇಡ ಅಂದುಬಿಟ್ಟ.

ಅದು ದನಗಳ ದೊಡ್ಡ ರೋಗದ ಮಾತು. ಆ ರೋಗದ ಹೆಸರು ಕೇಳಿದರೆ ಆ ಕಾಲದಲ್ಲಿ ಗಂಡಸರೂ ಅಳುತ್ತಿದ್ದರು. ಮೊದಲು ಎತ್ತಿನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆಮೇಲೆ ಬಾಯಲ್ಲಿ ಹುಣ್ಣು, ಜೊಲ್ಲು, ಭೇದಿ. ನೋಡನೋಡುತ್ತಿದ್ದಂತೆ ಗೋದಲಿಯ ಮುಂದೆಯೇ ಬಿದ್ದು ಸಾಯುತ್ತಿತ್ತು. ರೋಗ ಬಂದ ಊರಿನವರು ದುರಗವ್ವನ ಕಟ್ಟಿಗೆಯ ಮೂರ್ತಿಯನ್ನು ಗಾಡಿಯಲ್ಲಿ ಕೂರಿಸಿ, ಬೇವು ಕಟ್ಟಿ, ಬಳೆ ತೊಡಿಸಿ, ತಮ್ಮ ಎತ್ತು ಹೂಡಿಕೊಂಡು ಮುಂದಿನ ಊರಿನ ಗಡಿಗೆ ತರುತ್ತಿದ್ದರು. ಅಲ್ಲಿ ಅವರ ಎತ್ತು ಬಿಚ್ಚಿ, ಅದೇ ನೊಗಕ್ಕೆ ಈ ಊರಿನವರು ತಮ್ಮ ಎತ್ತು ಹೂಡಬೇಕು. ದೇವಿಯ ಉಡಿ ತುಂಬಿ, ಊರು ದಾಟಿಸಿ, ಆಚೆಯ ಗಡಿಗೆ ಮುಟ್ಟಿಸಬೇಕು. ಹೀಗೆ ಊರಿಂದೂರಿಗೆ ಸಾಗುತ್ತ ಅವಳ ಸಿಟ್ಟು ಕಾಡಿನಲ್ಲಿ ಇಳಿದುಹೋಗುತ್ತದೆ ಎಂದು ನಂಬಿಕೆ. ಗಾಡಿ ಎಳೆದು ಬಂದ ಎತ್ತುಗಳಿಗೆ ಆಮೇಲೆ ಎಲ್ಲಿಲ್ಲದ ಮರ್ಯಾದೆ. ಅವನ್ನು ಮನೆಮನೆಗೆ ಕರೆದೊಯ್ಯುತ್ತಿದ್ದರು. ಪ್ರತಿಯೊಂದು ಮನೆಯವರೂ ಹಿಡಿ ಹುಲ್ಲನ್ನು ಅವುಗಳ ಬಾಯಿಗೆ ಒಡ್ಡಿ, ಅವು ತಿಂದು ಬಿಟ್ಟದ್ದನ್ನು ಪ್ರಸಾದವೆಂದು ತಮ್ಮ ದನಗಳಿಗೆ ತಿನ್ನಿಸುತ್ತಿದ್ದರು.

ಅಂದಾನೆಪ್ಪ ಮೀಸೆ ಚಿಗುರುವ ವಯಸ್ಸಿನಲ್ಲಿ ಒಮ್ಮೆ ಇದನ್ನೆಲ್ಲ ಕಣ್ಣಾರೆ ಕಂಡಿದ್ದ. ಗಾಡಿ ಎಳೆದ ಎತ್ತುಗಳು ಮೊದಲು ಸತ್ತವು. ಆಮೇಲೆ ಮೂಡಣ ಓಣಿಯ ದನಗಳು, ಆಮೇಲೆ ಪಡುವಣ ಓಣಿಯವು. ಎತ್ತುಗಳನ್ನು ಯಾವ ಸಾಲಿನಲ್ಲಿ ಮನೆಮನೆಗೆ ಕರೆದೊಯ್ದಿದ್ದರೋ ಅದೇ ಸಾಲಿನಲ್ಲಿ ಕೊಟ್ಟಿಗೆಗಳು ಬರಿದಾದವು. ಹಿರಿಯರಿಗೆ ಇದು ಕಾಣಲಿಲ್ಲವೆಂದಲ್ಲ. "ನೋಡ್ರಿ, ಆಕಿ ಬಂದ ದಾರಿ ಹಿಡದ ಹೋಗ್ಯಾಳ" ಎಂದು ಕೈಮುಗಿದರು. ಆ ವರ್ಷ ಹೆಂಗಸರು ನೊಗಕ್ಕೆ ಹೆಗಲು ಕೊಟ್ಟರು. ಅಂದಾನೆಪ್ಪನ ತಾಯಿ ನೇಗಿಲು ಎಳೆಯುತ್ತ ಕೆಸರಿನಲ್ಲಿ ಕುಸಿದವಳು ಮತ್ತೆ ಮೊದಲಿನ ಮನುಷ್ಯಳಾಗಲಿಲ್ಲ. ದೇವಿಯ ದಾರಿ ಯಾವುದು, ಎತ್ತಿನ ಜೊಲ್ಲಿನ ದಾರಿ ಯಾವುದು ಎಂಬ ಪ್ರಶ್ನೆ ಅವತ್ತೇ ಅವನ ಮನಸ್ಸಿನಲ್ಲಿ ಹುಟ್ಟಿತು. ಯಾರ ಮುಂದೆ ಬಾಯಿಬಿಡುವುದು?

ಮೂವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಮಳಗಿಯ ಆಚೆಗೆ ದೊಡ್ಡ ರೋಗ ಬಂದಿದೆ ಎಂಬ ಸುದ್ದಿ ಬಂತು. ಅಂದಾನೆಪ್ಪ ಚಾವಡಿಯಲ್ಲಿ ಊರವರನ್ನು ಕೂಡಿಸಿದ. ಮೊದಲ ಶಬ್ದ ಎಂದಿನಂತೆ ಗಂಟಲಲ್ಲಿ ಸಿಕ್ಕಿತು. ಅದು ಹೊರಬಿದ್ದ ಮೇಲೆ ಉಳಿದದ್ದು ಬಡಬಡ ಬಂತು.

"ಇವತ್ತಿನಿಂದ ದೀಪಾವಳಿ ತನಕ ನಮ್ಮೂರ ದನ ಗಡಿ ದಾಟಂಗಿಲ್ಲ. ಹೊರಗಿನ ದನ ಒಳಗ ಬರಂಗಿಲ್ಲ. ಸಂತಿ ಇಲ್ಲ, ಬಾಡಿಗಿ ಇಲ್ಲ, ಬೀಗರ ಎತ್ತಿಲ್ಲ. ಇನ್ನೊಂದ ಮಾತು. ದುರಗವ್ವನ ಗಾಡಿ ಬಂದ್ರ ನಮ್ಮೂರ ಎತ್ತು ಹೂಡೂದಿಲ್ಲ."

ಮೊದಲು ಎದ್ದು ನಿಂತವನು ಕರಿಬಸಪ್ಪ. ಅಂದಾನೆಪ್ಪನ ಚಿಕ್ಕಪ್ಪನ ಮಗ, ಗೌಡಕಿಯ ಮೇಲೆ ಮೊದಲಿನಿಂದಲೂ ಕಣ್ಣಿಟ್ಟವನು. ಗಾಡಿಗೆ ಎತ್ತು ಹೂಡುವ ಸರದಿ ಈ ಸಲ ಅವನ ಮನೆಯದು. ಅದಕ್ಕೆಂದೇ ಎರಡು ವರ್ಷದಿಂದ ಒಂದು ಜೋಡಿಯನ್ನು ಹಿಂಡಿ ಹಾಕಿ ಬೆಳೆಸಿದ್ದ.

"ಅಣ್ಣಾ, ನನ್ನ ಸರದಿ ಬಂದಾಗನ ನಿನಗ ಈ ಬುದ್ಧಿ ಹುಟ್ಟಿತೇನು?" ಎಂದ.

"ನಿನ್ನ ಎತ್ತ ಉಳಿಸಾಕ ಹೇಳಾಕತ್ತೇನಿ, ಕರಿಬಸಪ್ಪಾ."

"ನನ್ನ ಎತ್ತ ಕಾಯಾಕ ಆಕಿ ಅದಾಳ. ನೀ ಯಾರು?"

ಊರಿನ ಮಠದ ಬಸಲಿಂಗಯ್ಯ ಒಳ್ಳೆಯ ಮನುಷ್ಯ. ಗದ್ದಲ ಮಾಡುವವನಲ್ಲ. ಅವನು ಮೆಲ್ಲಗೆ, "ಗೌಡ್ರ, ಉಡಿ ಒಡ್ಡಿ ಬಾಗಲಿಗೆ ಬಂದಾಕಿನ್ನ ಹೊಳ್ಳಿ ಕಳಸ್ತೀರೇನು? ನಿಮ್ಮ ಮನ್ಯಾಗೂ ಒಬ್ಬ ಹೆಣ್ಣಮಗಳು ಅದಾಳ" ಎಂದ. ಆ ಮಾತು ಅಂದಾನೆಪ್ಪನ ಎದೆಗೆ ನಾಟಿತು. ಅವನಿಗಿದ್ದವಳು ಒಬ್ಬಳೇ ಮಗಳು, ಶಿವಗಂಗವ್ವ. ಹಳ್ಳದಾಚೆಯ ಅರಿಶಿಣಗಟ್ಟಿಗೆ, ಚನಬಸಪ್ಪ ಎಂಬ ರೈತನಿಗೆ ಕೊಟ್ಟಿದ್ದ. ಮಳಗಿಯ ಕಡೆಯಿಂದ ರೋಗ ಬಂದರೆ ಮೊದಲು ಬರುವುದು ಅರಿಶಿಣಗಟ್ಟಿಗೆ. ಇಷ್ಟಾದರೂ ಅವನು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಳವಾರರನ್ನು ಕರೆಸಿ ಹಳ್ಳದ ಗುಂಟ ಮುಳ್ಳು ಕಡಿದು ಬೇಲಿ ಹಾಕಿಸಿದ. ಜನ ಅವನ ಎದುರಿಗೆ ಸುಮ್ಮನಿದ್ದು ಬೆನ್ನ ಹಿಂದೆ ಹಿಡಿಶಾಪ ಹಾಕಿದರು. ಮರುದಿನದಿಂದ ಯಾರೂ ಅವನನ್ನು ಊಟಕ್ಕೆ ಕರೆಯಲಿಲ್ಲ.

ಗಾಡಿ ಬಂದೇ ಬಂತು. ತಂದವರು ಅರಿಶಿಣಗಟ್ಟಿಯವರೇ. ಹಲಗೆ ಬಾರಿಸುವ ಸದ್ದು ಕೇಳಿ ನೀರಲಕೊಪ್ಪದವರೆಲ್ಲ ಗಡಿಗೆ ಓಡಿದರು. ಗಾಡಿ ಹೊಡೆದುಕೊಂಡು ಬಂದಿದ್ದವನು ಅಳಿಯ ಚನಬಸಪ್ಪ. ಅವನ ಎತ್ತುಗಳ ಕಣ್ಣಿನ ಕೆಳಗೆ ನೀರಿಳಿದ ಕಪ್ಪು ಗೆರೆ ಅಂದಾನೆಪ್ಪನಿಗೆ ದೂರದಿಂದಲೇ ಕಂಡಿತು.

"ಮಾವಾ, ಬೇಲಿ ತಗಸ್ರಿ" ಎಂದ ಚನಬಸಪ್ಪ. "ಆಕಿ ನಿಂತಾಳ."

"ಎತ್ತು ಹೂಡೂದಿಲ್ಲಪಾ. ಉಡಿ ತುಂಬ್ತೇವಿ. ಮೂರ್ತಿ ಕೆಳಗ ಇಳಸ್ರಿ, ನಾವು ಹೆಗಲ ಮ್ಯಾಲ ಹೊತ್ತ ಆಚಿ ಗಡಿಗೆ ಮುಟ್ಟಸ್ತೇವಿ."

ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿರಲಿಲ್ಲ. ದೇವಿಗೂ ಮರ್ಯಾದೆ, ಎತ್ತಿಗೂ ಕ್ಷೇಮ. ಅರಿಶಿಣಗಟ್ಟಿಯ ಹಿರಿಯರು ಮುಖ ಮುಖ ನೋಡಿಕೊಂಡು ಅರೆಮನಸ್ಸಿನಿಂದ ಹೂಂ ಎಂದರು. ಅಂದಾನೆಪ್ಪ ರುಮಾಲು ಬಿಚ್ಚಿ ಹೆಗಲಿಗೆ ಸಿಂಬಿ ಮಾಡಿಕೊಂಡು ತನ್ನ ಊರವರ ಕಡೆ ತಿರುಗಿ, "ಬರ್ರೆಪಾ, ಮೂರ ಮಂದಿ ಬರ್ರಿ" ಎಂದ. ಯಾರೂ ಬರಲಿಲ್ಲ. ಇನ್ನೊಮ್ಮೆ ಕರೆದ. ಕರಿಬಸಪ್ಪ ಕೈಕಟ್ಟಿ ನಿಂತಿದ್ದ, ಅವನನ್ನು ನೋಡಿ ಉಳಿದವರೂ ಕೈಕಟ್ಟಿದರು. ಬಸಲಿಂಗಯ್ಯ ನೆಲ ನೋಡಿದ. ಗಾಡಿ ಎಳೆಯಲು ಎತ್ತು ಕೊಡುವುದಕ್ಕೆ ಜಗಳಾಡಿದ ಊರಿನಲ್ಲಿ ಹೊರಲು ಮೂರು ಹೆಗಲು ಸಿಗಲಿಲ್ಲ. ಆ ಕುಳ್ಳ ಮನುಷ್ಯ ರುಮಾಲು ಹೊತ್ತುಕೊಂಡು ಎರಡು ಊರಿನ ನಡುವೆ ಒಬ್ಬನೇ ನಿಂತಿದ್ದ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೊತ್ತು ಇಳಿಯುವ ತನಕ ಕಾದು ಅರಿಶಿಣಗಟ್ಟಿಯವರು ಗಾಡಿ ತಿರುಗಿಸಿದರು.

ಅದಾದ ಕೆಲವು ದಿನಕ್ಕೆ ತಳವಾರ ಓಡಿ ಬಂದು, "ಗೌಡ್ರ, ಅಕ್ಕಾರು ಬಂದಾರ" ಎಂದ. ಅಂದಾನೆಪ್ಪ ಮತ್ತು ಹೊಳೆವ್ವ ಬಿರಬಿರನೆ ಬೇಲಿಯ ಹತ್ತಿರ ಹೋದರು. ಬೇಲಿಯಾಚೆ ಶಿವಗಂಗವ್ವ ನಿಂತಿದ್ದಳು. ಅವಳ ಕೈಯಲ್ಲಿ ಎರಡು ಹಗ್ಗ, ಹಗ್ಗದ ತುದಿಯಲ್ಲಿ ಎರಡು ಎಳೆಯ ಹೋರಿ. ಮದುವೆಯಲ್ಲಿ ಅಂದಾನೆಪ್ಪನೇ ಬಳುವಳಿ ಕೊಟ್ಟ ಆಕಳಿನ ಕರುಗಳು ಅವು.

"ಅಪ್ಪಾ, ಉಳದದ್ದೆಲ್ಲಾ ಹೋದ್ವು" ಎಂದಳು. "ಇವೆರಡನ್ನ ದೂರ ಹೊಲದಾಗ ಕಟ್ಟಿದ್ದೆ. ಇವಕ್ಕೇನೂ ಆಗಿಲ್ಲ. ಮಳಿ ಬರೂ ತನಕ ನಿನ್ನ ಕೊಟ್ಟಿಗ್ಯಾಗ ಕಟ್ಟಿಕೋ. ಇವು ಉಳದ್ರ ನಾವೂ ಉಳಿತೇವಿ."

ಅಂದಾನೆಪ್ಪ ಹೋರಿಗಳನ್ನು ನೋಡಿದ. ಕಣ್ಣು ಒಣಗಿದ್ದವು. ಮೂತಿ ತಣ್ಣಗಿದ್ದಂತೆಯೂ ಕಂಡಿತು. ರೋಗ ಒಳಗೆ ಕೂತು ಹೊರಗೆ ಕಾಣದ ದಿನಗಳೂ ಇರುತ್ತವೆ ಎಂಬುದು ಅವನಿಗೆ ಗೊತ್ತು. ಹಿಂದೆ ಒಂದು ಜೋಡಿ ಎತ್ತು ಹೀಗೇ ಚೆನ್ನಾಗಿ ಮೇಯುತ್ತ ಇಡೀ ಊರು ಸುತ್ತಿತ್ತು.

"ನೀ ಒಳಗ ಬಾರವಾ. ನಿನ್ನ ಗಂಡನ್ನೂ ಕರಿ. ವರ್ಷಗಟ್ಟಲೆ ಇರ್ರಿ. ಎತ್ತು ಬ್ಯಾಡ."

"ಎತ್ತ ಬಿಟ್ಟ ಬಂದ ಉಣ್ಣಾಕ ನಾವೇನ ಭಿಕಾರಿಗಳೇನು? ಅಪ್ಪಾ, ಇವನ್ನ ಒಳಗ ಬಿಡು."

ಹೊಳೆವ್ವ ಗಂಡನ ತೋಳು ಹಿಡಿದು ಅಲ್ಲಾಡಿಸಿದಳು. "ನಿಮ್ಮ ಕಾಲಿಗೆ ಬೀಳ್ತೇನ್ರಿ. ಊರಿಗೆ ಗೊತ್ತಾಗೂದ ಬ್ಯಾಡ, ಹಿತ್ತಲದಾಗ ಕಟ್ಟೂಣು. ಒಬ್ಬಾಕಿ ಮಗಳು."

ಬೇಲಿಯ ಈಚೆ ಅಷ್ಟೊತ್ತಿಗೆ ಕರಿಬಸಪ್ಪನೂ ನಾಲ್ಕು ಜನರೂ ಬಂದು ನಿಂತಿದ್ದರು. ಗೌಡ ಈಗ ಏನು ಮಾಡುತ್ತಾನೆ ನೋಡೋಣ ಎಂಬ ಕುತೂಹಲ. ಮಗಳಿಗೆ ಬೇಲಿ ತೆಗೆದರೆ ನಾಳೆ ಎಲ್ಲ ಬೀಗರ ಎತ್ತುಗಳೂ ಬರುತ್ತವೆ. ಬಂದರೆ ಊರು ಮುಗಿಯುತ್ತದೆ. ಅಂದಾನೆಪ್ಪನಿಗೆ ಅಳು ಬಂತು. ಅತ್ತ. ಅಳುತ್ತಲೇ, "ಬ್ಯಾಡವಾ, ಹೊಳ್ಳಿ ಹೋಗು" ಎಂದ.

ಶಿವಗಂಗವ್ವ ತಂದೆಯ ಮುಖವನ್ನೇ ನೋಡುತ್ತ ನಿಂತಳು. ಬೈಯಲಿಲ್ಲ. "ಆತು. ಇನ್ನ ಮ್ಯಾಲ ನನಗ ತವರಿಲ್ಲ ಬಿಡು" ಎಂದು ಹಗ್ಗ ಎಳೆದುಕೊಂಡು ಹಳ್ಳ ಇಳಿದಳು.

ಆ ಹೋರಿಗಳು ಸತ್ತವು. ಬಂದಾಗಲೇ ರೋಗ ಹೊತ್ತು ತಂದಿದ್ದವೋ, ಹೊಳ್ಳಿ ಹೋದ ಮೇಲೆ ಅಂಟಿತೋ ದೇವರೇ ಬಲ್ಲ. ಅಂದಾನೆಪ್ಪನಿಗೂ ಅದು ಕೊನೆಯವರೆಗೆ ಗೊತ್ತಾಗಲಿಲ್ಲ, ಗೊತ್ತಾಗದ್ದೇ ಅವನನ್ನು ಒಳಗೊಳಗೇ ತಿಂದಿತು. ಮಳೆ ಬಂತು. ಅರಿಶಿಣಗಟ್ಟಿಯಲ್ಲಿ ಹೂಡಲು ಎತ್ತಿಲ್ಲ. ತನ್ನ ಎತ್ತು ಕಳಿಸೋಣವೆಂದರೆ ದೀಪಾವಳಿ ತನಕ ದನ ಗಡಿ ದಾಟಬಾರದು ಎಂದವನು ತಾನೇ. ಎರಡು ಚೀಲ ಭತ್ತ ಕಳಿಸಿದ. ಭತ್ತ ಹಾಗೆಯೇ ಹೊಳ್ಳಿ ಬಂತು. ಚನಬಸಪ್ಪ ಗದ್ದೆ ಬೀಳು ಬಿಟ್ಟು ಹೆಂಡತಿಯನ್ನು ಕರೆದುಕೊಂಡು ದಾಂಡೇಲಿಗೆ ಹೋದ. ಕಾಡಿನಲ್ಲಿ ಮರದ ದಿಮ್ಮಿ ಎಳೆಯುವ ಕೂಲಿಗೆ ಅಲ್ಲಿ ಜನ ಬೇಕಾಗಿತ್ತು. ಜನ ಯಾಕೆ ಯಾವಾಗಲೂ ಬೇಕಾಗಿರುತ್ತದೆ ಎಂಬುದು ಹೋದವರಿಗೆ ಆಮೇಲೆ ತಿಳಿಯುತ್ತಿತ್ತು. ಎರಡನೆಯ ಮಳೆಗಾಲದಲ್ಲಿ ಚನಬಸಪ್ಪ ಚಳಿಜ್ವರದಲ್ಲಿ ಸತ್ತ. ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿಹೋಗಿತ್ತು. ಹೊಳೆವ್ವ ದಾಂಡೇಲಿಗೆ ಹೋಗಿ ಮಗಳನ್ನು ಕರೆದಳು. ಶಿವಗಂಗವ್ವ ಬರಲಿಲ್ಲ. ಕಟ್ಟಿಗೆ ಡಿಪೊದಲ್ಲಿ ತೊಗಟೆ ಹೊರುತ್ತ ಅಲ್ಲೇ ಉಳಿದಳು.

ಇತ್ತ ನೀರಲಕೊಪ್ಪದಲ್ಲಿ ಒಂದು ಕರುವೂ ಸಾಯಲಿಲ್ಲ. ಸುತ್ತಲ ಊರುಗಳಲ್ಲಿ ರಣಹದ್ದು ಇಳಿದಿದ್ದಾಗ ಇಲ್ಲಿ ನಾಟಿ ನಡೆಯಿತು, ಕಣ ತುಂಬಿತು. ಗೌಡನ ಕಾಲಿಗೆ ಬಿದ್ದರೇ ಎಂದರೆ, ರಾಮ ರಾಮ! "ಈ ಸಲ ರೋಗ ನಮ್ಮೂರಿಗೆ ಬರೂದಿರಲಿಲ್ಲ ಬಿಡ್ರಿ" ಎಂದರು. ಬಾರದ ರೋಗವನ್ನು ತೋರಿಸಿ ನಾನು ತಡೆದೆ ಎಂದು ಹೇಳುವುದು ಹೇಗೆ? ಬಂದ ಕೆಡುಕೆಲ್ಲ ಮಾತ್ರ ಗೌಡನ ಲೆಕ್ಕಕ್ಕೆ ಬಿತ್ತು. ಯಾರದೋ ಕೂಸು ಸತ್ತು ಹುಟ್ಟಿತು, ದುರಗವ್ವನನ್ನು ತಿರುಗಿಸಿದ್ದಕ್ಕೆ. ಬಾವಿಯ ನೀರು ಇಳಿಯಿತು, ಅದಕ್ಕೂ ಅದೇ. ಅಳಿಯ ಸತ್ತ ಸುದ್ದಿ ಬಂದಾಗಲಂತೂ ಊರು ತೀರ್ಪು ಸಿಕ್ಕಿತೆಂಬಂತೆ ತಲೆದೂಗಿತು. ಚಾವಡಿಗೆ ಕರೆದರೆ ಯಾರೂ ಬರುವುದಿಲ್ಲವೆಂದಾದ ಮೇಲೆ ಅಂದಾನೆಪ್ಪ ಗೌಡಕಿಯನ್ನು ಕರಿಬಸಪ್ಪನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತ.

ಯುದ್ಧದ ಕಾಲ, ನಲವತ್ನಾಲ್ಕನೆಯ ಇಸವಿ. ದೊಡ್ಡ ರೋಗ ಮತ್ತೆ ಬಂತು. ಅರಿಶಿಣಗಟ್ಟಿಯವರು ಗಾಡಿ ಕಟ್ಟುತ್ತಿದ್ದಾರೆಂದು ತಿಳಿದ ಕೂಡಲೇ ಅಂದಾನೆಪ್ಪ ಮಾನ ಬಿಟ್ಟು ಚಾವಡಿಗೆ ಹೋದ. ಕರಿಬಸಪ್ಪನ ಮುಂದೆ ಕೈಮುಗಿದು, "ತಮ್ಮಾ, ನನ್ನ ಬೇಕಾದ್ರ ಊರ ಹೊರಗ ಹಾಕು. ಬೇಲಿ ಹಾಕು" ಎಂದ.

ಕರಿಬಸಪ್ಪ ನಕ್ಕ. ಬಸಲಿಂಗಯ್ಯನೇ ಉತ್ತರ ಕೊಟ್ಟ. "ಗೌಡ್ರ, ಊರೆಲ್ಲಾ ಕೂಡಿ ಒಂದ ಮಾತಿಗೆ ಬಂದೇವಿ. ಅವತ್ತ ತಪ್ಪಾತು. ತಪ್ಪಾದ ಮನಿ ಎತ್ತ ಇವತ್ತ ಗಾಡಿ ಎಳೀಬೇಕು. ನೀವ ಹೂಡ್ರಿ, ಎಲ್ಲಾ ಮುಗೀತು. ನಾವೂ ಮರೀತೇವಿ."

"ನನ್ನ ಎತ್ತು ಕೊಡೂದಿಲ್ಲ" ಎಂದ ಅಂದಾನೆಪ್ಪ. ಈ ಸಲ ಮೊದಲ ಶಬ್ದವೂ ಗಂಟಲಲ್ಲಿ ಸಿಕ್ಕಲಿಲ್ಲ.

ಹೊಳೆವ್ವನಿಗೆ ಇನ್ನು ತಡೆಯಲಾಗಲಿಲ್ಲ. ದಾಂಡೇಲಿಗೆ ಹೊರಟಿದ್ದ ಕಟ್ಟಿಗೆ ಲಾರಿಯವರ ಕೈಯಲ್ಲಿ ಮಗಳಿಗೆ ಹೇಳಿ ಕಳಿಸಿದಳು. ಶಿವಗಂಗವ್ವ ಬಂದಳು. ಆರು ವರ್ಷದ ಮೇಲೆ ಮಗಳು ಹೊಸ್ತಿಲು ದಾಟಿದ್ದಳು. ಅವಳ ಹೆಗಲು ಒಂದು ಕಡೆಗೆ ವಾಲಿತ್ತು, ಕೂದಲು ಆಗಲೇ ನೆರೆತಿತ್ತು. ಅಂದಾನೆಪ್ಪನೇ ನೀರು ತಂದು ಕಾಲಿಗೆ ಹಾಕಿದ. ಉಂಡಾದ ಮೇಲೆ ಅವಳು ಮಾತಿಗೆ ತೊಡಗಿದಳು.

"ಅಪ್ಪಾ, ನಿನ್ನ ಮ್ಯಾಲ ಸಿಟ್ಟ ಮಾಡಾಕ ಬಂದಿಲ್ಲ. ಆಕಿ ನನ್ನ ಗಂಡನ್ನ ತಗೊಂಡಳು. ಇನ್ನ ನಿನ್ನ ಬಿಡ್ತಾಳೇನು, ಅವ್ವನ್ನ ಬಿಡ್ತಾಳೇನು? ಒಂದ ಸಲ ತಲಿ ಬಾಗು. ನಾ ಇಲ್ಲೇ ಇರ್ತೇನಿ, ನಿಮ್ಮನ್ನ ನೋಡಿಕೋತೇನಿ."

ಅಂದಾನೆಪ್ಪ ಮೊದಲ ಬಾರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಹಿಂದೆ ಯಾವ ಎತ್ತು ಮೊದಲು ಸತ್ತವು, ಆಮೇಲೆ ಯಾವ ಓಣಿ, ಪ್ರಸಾದದ ಹುಲ್ಲು ಹೇಗೆ ಬಾಯಿಂದ ಬಾಯಿಗೆ ಹೋಯಿತು, ಎಲ್ಲ. ಮಗಳು ತಾಳ್ಮೆಯಿಂದ ಕೇಳಿದಳು.

"ನೀ ಕಂಡದ್ದ ನೀ ಹೇಳ್ತಿ ಅಪ್ಪಾ. ನಾ ಕಳಕೊಂಡದ್ದ ನಾ ಹೇಳಾಕತ್ತೇನಿ" ಎಂದಳು.

ಮರುದಿನ ಹಲಗೆಯ ಸದ್ದು ಕೇಳಿಸಿತು. ಶಿವಗಂಗವ್ವ ಕೊಟ್ಟಿಗೆಗೆ ಹೋಗಿ ಎತ್ತುಗಳ ಹಗ್ಗ ಬಿಚ್ಚಿದಳು. ಅಂದಾನೆಪ್ಪ ಬಾಗಿಲಿಗೆ ಅಡ್ಡ ನಿಂತ. ಮಗಳು ಎರಡು ಹಗ್ಗ ಹಿಡಿದು ಅವನೆದುರಿಗೆ ಬಂದು ನಿಂತಳು. ದೂಡಲಿಲ್ಲ, ಬೇಡಲಿಲ್ಲ. ಒಮ್ಮೆ ಹೀಗೆ ನಿಂತಿದ್ದವಳನ್ನು ಅವನು ಹೊಳ್ಳಿ ಕಳಿಸಿದ್ದ, ಅವಳು ಹೋಗಿದ್ದಳು, ಹೋಗಿ ಹೀಗಾಗಿ ಬಂದಿದ್ದಳು. ಊರು ಉಳಿಯಬೇಕೆಂದರೆ ಇನ್ನೊಮ್ಮೆ ಬೇಡ ಅನ್ನಬೇಕು. ಅವನು ಬೇಡ ಅಂದರೂ ಕರಿಬಸಪ್ಪ ಬೇರೆ ಯಾವುದಾದರೂ ಎತ್ತು ಹೂಡಿಯೇ ತೀರುತ್ತಾನೆ. ಹೀಗೆಂದು ತನಗೆ ತಾನೇ ಹೇಳಿಕೊಂಡ. ನಿಜವಾಗಿ ಅವನಲ್ಲಿ ಬೇಡ ಅನ್ನುವ ಶಕ್ತಿಯೇ ಉಳಿದಿರಲಿಲ್ಲ. ಪಕ್ಕಕ್ಕೆ ಸರಿದ.

ಗಡಿಯಲ್ಲಿ ಜನ ಕುಣಿದರು. ಗಾಡಿ ಊರು ದಾಟಿತು. ಹೊಳ್ಳಿ ಬಂದ ಎತ್ತುಗಳನ್ನು ದೂರದ ಹೊಲದಲ್ಲಿ ಕಟ್ಟುತ್ತೇನೆಂದು ಅಂದಾನೆಪ್ಪ ಹಗ್ಗಕ್ಕೆ ಕೈ ಹಾಕಿದ. ಕೊಟ್ಟರೆ ತಾನೆ? ಅರಿಶಿಣ ಬಳಿದು ಮೂಡಣ ಓಣಿಯಿಂದ ಹೊರಡಿಸಿದರು. ಮನೆಮನೆಯ ಹೆಂಗಸರು ಹಿಡಿ ಹುಲ್ಲು ಹಿಡಿದು ಕಾದಿದ್ದರು. ಹಗ್ಗ ಹಿಡಿದು ಮುಂದೆ ನಡೆದವಳು ಶಿವಗಂಗವ್ವ. ಕರಿಬಸಪ್ಪ ಬಂದು ಅಂದಾನೆಪ್ಪನನ್ನು ತಬ್ಬಿಕೊಂಡು, "ಅಣ್ಣಾ, ನಾಳೆ ನಮ್ಮ ಮನ್ಯಾಗ ಊಟ" ಎಂದ.

ಆ ಊಟ ಇನ್ನೂ ಅರಗಿರಲಿಲ್ಲವೆನ್ನಬೇಕು, ಅಂದಾನೆಪ್ಪನ ಎತ್ತುಗಳು ಮಲಗಿದವು. ಆಮೇಲೆ ಮೂಡಣ ಓಣಿ ಹಿಡಿಯಿತು. ಅಲ್ಲಿಂದ ಪಡುವಣ ಓಣಿ. ಕರಿಬಸಪ್ಪನ ಕೊಟ್ಟಿಗೆಯಲ್ಲಿ ನೊಣಗಳ ಹೊರತು ಬೇರೇನೂ ಉಳಿಯಲಿಲ್ಲ. ಹೆಣ ಎಳೆಯಲು ಎತ್ತಿಲ್ಲದೆ ಜನರೇ ಹಗ್ಗ ಕಟ್ಟಿ ಎಳೆದರು. ಹಳೆಯ ಅವಮಾನದ ಸಿಟ್ಟು ಆರಲು ಇಷ್ಟಾದರೂ ಬಲಿ ಬೇಕಿತ್ತು ಎಂದು ಬಸಲಿಂಗಯ್ಯ ಕಣ್ಣೀರು ಹಾಕಿದ. ಎಲ್ಲರೂ ಒಪ್ಪಿದರು.

ಒಪ್ಪದವಳು ಒಬ್ಬಳೇ. ಮಳೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ ಶಿವಗಂಗವ್ವ ಬರಿದಾದ ಕೊಟ್ಟಿಗೆಯಲ್ಲಿ ತಂದೆಯ ಹತ್ತಿರ ಬಂದು ಕೂತಳು. ಬೆರಳು ಮಡಚುತ್ತ ಮಾತಾಡಿದಳು.

"ಮೊದಲ ನಮ್ಮವು. ಆಮ್ಯಾಲ ತಳವಾರರವು. ಆಮ್ಯಾಲ ಮಠದ ಆಕಳು. ನಾ ಹಗ್ಗ ಹಿಡದ ಯಾವ್ಯಾವ ಮನಿ ಮುಂದ ನಿಂತಿದ್ನೋ, ಅದ ಸಾಲಿನ್ಯಾಗ. ಅಪ್ಪಾ, ನೀ ಹೇಳಿದ್ದ ಖರೇ ಐತೇನು?"

ಆರು ವರ್ಷದಿಂದ ಅಂದಾನೆಪ್ಪ ಕಾದಿದ್ದು ಈ ಒಂದು ಮಾತಿಗೆ. ಊರಿನಲ್ಲಿ ಯಾರಾದರೂ, ಒಬ್ಬರಾದರೂ, ಇದನ್ನು ಕೇಳಲಿ 'ಹೌದು' ಅನ್ನುತ್ತೇನೆ ಎಂದು ಕಾದಿದ್ದ. ಮಗಳ ಮುಖ ನೋಡಿದ. ಹೌದು ಅಂದರೆ ಅವಳು ಏನಾಗುತ್ತಾಳೆಂಬುದು ಆ ಮುಖದಲ್ಲೇ ಇತ್ತು. ಊರಿನ ದನಗಳನ್ನೆಲ್ಲ ಕೊಂದದ್ದು ಅವಳ ಕೈಯ ಹಗ್ಗ. ಗಂಡ ಸತ್ತದ್ದು ದೇವಿಯ ಸಿಟ್ಟಿಗಲ್ಲ, ಬರಿದೇ. ಇಷ್ಟನ್ನೂ ಹೊತ್ತುಕೊಂಡು ಈಕೆ ಬದುಕಬೇಕು. ಆಗಲೇ ಒಂದು ಹೆಗಲು ವಾಲಿದೆ.

"ಇಲ್ಲವಾ" ಎಂದ. "ಆಕಿ ಸಿಟ್ಟು. ಎತ್ತ ಹೋದ ದಾರಿ ಹಿಡದ ಆಕೀನ ಹೋಗ್ಯಾಳ. ಅವತ್ತ ನಾ ತಿರುಗಿಸಬಾರದಿತ್ತು. ತಪ್ಪ ನಂದು."

"ಖರೇ?"

"ಖರೇ. ನಿಂದೇನೂ ಇಲ್ಲ."

ಶಿವಗಂಗವ್ವ ತಂದೆಯ ತೊಡೆಯ ಮೇಲೆ ತಲೆಯಿಟ್ಟು ಮನಸಾರೆ ಅತ್ತಳು. ಎದೆ ಹಗುರಾದವರು ಅಳುವ ಅಳು ಅದು. ಅಂದಾನೆಪ್ಪ ಅವಳ ತಲೆ ಸವರುತ್ತ ಕೂತ. ಅವನ ಕಣ್ಣಲ್ಲಿ ನೀರಿರಲಿಲ್ಲ.

ಮಗಳು ಅದನ್ನು ಬಾವಿಕಟ್ಟೆಯಲ್ಲಿ, ನೀರಿಗೆ ಬಂದ ಹೆಂಗಸರ ಮುಂದೆ ಹೇಳಿದಳು. ಅಪ್ಪನ ಮೇಲಿನ ಪ್ರೀತಿಯಿಂದಲೇ ಹೇಳಿದಳು: ಅಪ್ಪ ತಪ್ಪು ಒಪ್ಪಿಕೊಂಡಿದ್ದಾನೆ, ಇನ್ನು ಯಾರೂ ಅವನನ್ನು ಬೈಯಬೇಡಿ ಎಂದು. ಸಂಜೆಗೆ ಊರ ಹಿರಿಯರೆಲ್ಲ ಮನೆಗೆ ಬಂದರು. ಅಂದಾನೆಪ್ಪನನ್ನು ಚಾವಡಿಗೆ ಕರೆದೊಯ್ದು, ಅವನು ಗೌಡನಾಗಿದ್ದಾಗ ಕೂರುತ್ತಿದ್ದ ಜಾಗದಲ್ಲೇ ಕೂರಿಸಿದರು. ಬಸಲಿಂಗಯ್ಯ ದುರಗವ್ವನ ಭಂಡಾರದ ಅರಿಶಿಣವಿದ್ದ ಬಟ್ಟಲನ್ನು ಮುಂದೆ ಹಿಡಿದು, ಮುಂದಿನವರಿಗೂ ಕಟ್ಟುಪಾಡಾಗುವ ಆಣೆ ಅವನ ಬಾಯಿಂದಲೇ ಬರಲಿ ಎಂದ. ಬಾಗಿಲ ಹತ್ತಿರ ಶಿವಗಂಗವ್ವ ನಿಂತು ನೋಡುತ್ತಿದ್ದಳು. ಅಂದಾನೆಪ್ಪ ಭಂಡಾರ ಮುಟ್ಟಿದ. ಮೊದಲ ಶಬ್ದ ಗಂಟಲಲ್ಲಿ ಸಿಕ್ಕಿ ಬಹಳ ಹೊತ್ತು ಹೊರಗೆ ಬರಲಿಲ್ಲ, ಎಲ್ಲರೂ ಕಾದರು.

"ಇನ್ನ ಮ್ಯಾಲ ದುರಗವ್ವನ ಗಾಡಿ ಬಂದ್ರ, ಈ ಊರ ಯಾವ ಗೌಡನೂ ಆಕಿನ್ನ ತಡೀಬಾರದು" ಎಂದ.

ಅಂದಾನೆಪ್ಪನ ಮಾತಿಗೆ ಇಡೀ ಊರು ಒಂದೇ ದನಿಯಲ್ಲಿ ಹೂಂ ಎಂದದ್ದು ಅದೊಂದೇ ಸಲ.